ಅಳಿಯ ಬಿಚ್ಚಿದ ಆಂಪ್ಲಿಫೈಯರ್

ಬೆಳಿಗ್ಗೆ ಅಂಗಡಿಯ ಕಸ ಇನ್ನೂ ಗುಡಿಸಿರಲಿಲ್ಲ. ಮಾವನವರು ಏದುಸಿರು ಬಿಡುತ್ತಾ ಬಂದು ತಮ್ಮ ಗಿಟಾರಿನ ಆಂಪ್ಲಿಫೈಯರನ್ನು ಫ್ಯಾನಣ್ಣನ ಮೇಜಿನ ಮೇಲೆ ಕುಕ್ಕಿದರು.

“ಅಳಿಯಂದ್ರೇ, ಸ್ವಿಚ್ ಹಾಕಿದ್ರೆ ಸಾಕು, ಫ್ಯೂಸ್ ಢಮಾರ್! ಸಂಜೆ ಐದಕ್ಕೆ ನಮ್ಮ ಹಳೇ ಬ್ಯಾಂಡಿನ ಕಾರ್ಯಕ್ರಮ. ನಾಲ್ಕಕ್ಕೆ ಬರ್ತೀನಿ.”

ಅಳಿಯ ಬಾಯಿ ತೆರೆಯುವಷ್ಟರಲ್ಲಿ ಹೊರಟೇಹೋಗಿದ್ದರು.

ಫ್ಯಾನಣ್ಣ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. ಕರೆಂಟೆಂದರೆ ಅವನಿಗೆ ಜೀವಭಯ. ಈಜು ಬಾರದ ಅಂಬಿಗನ ಹಾಗೆ ಹನ್ನೊಂದು ವರ್ಷದಿಂದ ಅದನ್ನು ಮುಚ್ಚಿಟ್ಟುಕೊಂಡು ಬದುಕಿದ್ದ. ಹಿಂದೊಮ್ಮೆ ಇಂಥದೇ ಗಾಜಿನ ವಾಲ್ವುಗಳ ಹಳೇ ರೇಡಿಯೋ ಬಿಚ್ಚಿ ತಿಂದ ಏಟಿಗೆ ಎರಡು ದಿನ ಬಲಗೈಯಲ್ಲಿ ಚಮಚ ಹಿಡಿದಿರಲಿಲ್ಲ. ಆದರೆ ಆಗಲ್ಲ ಎನ್ನುವ ಹಾಗಿಲ್ಲ. ಹೋದ ತಿಂಗಳಷ್ಟೇ ಮಾವನ ಮನೆಯ ಫ್ಯಾನು ಇವನ ಕೈಗುಣದಿಂದ ಉಲ್ಟಾ ತಿರುಗಿ, ಹೆಂಡತಿಯ ಮುಂದೆ ಮಾನ ಹೋಗಿತ್ತು.

ಹಿಂದಿನ ಮುಚ್ಚಳ ತೆಗೆಯುವಷ್ಟರಲ್ಲಿ ಪಕ್ಕದಂಗಡಿಯ ಟೈಲರ್ ಇಣುಕಿದ. ಅವನ ಹಿಂದೆಯೇ ನಿವೃತ್ತ ಲೈನ್‌ಮನ್ ತಾತ.

“ಪ್ಲಗ್ ಕಿತ್ತಿದೀನಿ ಅಂತ ಮುಟ್ಟೀಯೆ!” ಎಂದರು ತಾತ. “ಆ ಡಬ್ಬಿ ನೋಡು, ಕೆಪಾಸಿಟರ್ರು. ಕರೆಂಟ್ ಹೋದ್ಮೇಲೂ ನಾನೂರು ವೋಲ್ಟ್ ಹಿಡ್ಕೊಂಡು ಕೂತಿರತ್ತೆ. ನನ್ನ ಸ್ನೇಹಿತ ಒಬ್ಬ ಹಿಂಗೇ ಮುಟ್ಟಿ…”

“ಏನಾಯ್ತು?” ಟೈಲರ್ ಕಣ್ಣರಳಿಸಿದ.

“ಒಳ್ಳೆ ಮನುಷ್ಯ ಆಗಿದ್ದ. ಈಗ ಯಾಕೆ ಬಿಡು.”

ಫ್ಯಾನಣ್ಣ ಆಂಪ್ಲಿಫೈಯರಿನ ವಯರಿನ ಮಧ್ಯೆ ಒಂದು ನೂರು ವಾಟಿನ ಬಲ್ಬು ಸೇರಿಸಿದ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಫ್ಯೂಸ್ ಉಳಿಯುತ್ತದೆ. ಎಡಗೈಯನ್ನು ಜೇಬಿನಲ್ಲಿ ಹುಗಿದು, ಕಣ್ಣು ಮುಚ್ಚಿ ಸ್ವಿಚ್ ಹಾಕಿದ. ಮುಚ್ಚಿದ ರೆಪ್ಪೆಯೊಳಗೂ ಬೆಳಕಾಯಿತು.

ಸ್ವಿಚ್ ಆರಿಸಿ, ಒಳಗೆ ಇಣುಕಲೆಂದು ಪೆಟ್ಟಿಗೆಯನ್ನು ಮಲಗಿಸಿ ಮತ್ತೆ ಹಾಕಿದ. ಬಲ್ಬು ಮಂಕಾಯಿತು. ಎತ್ತಿ ನಿಲ್ಲಿಸಿದರೆ ಝಗ್ಗನೆ ಉರಿಯಿತು.

“ಸರಿಹೋಯ್ತಲ್ಲ!” ಎಂದ ಟೈಲರ್. “ನಿಮ್ಮ ಮಾವ ಮಲಗಿಸಿಕೊಂಡೇ ಬಾರಿಸಲಿ.”

ಒಳಗೆಲ್ಲೋ ಒಂದು ವಯರು ಜೋತು ಬಿದ್ದು ಪೆಟ್ಟಿಗೆಯ ತಗಡಿಗೆ ತಾಗುತ್ತಿದೆ ಎಂದು ಫ್ಯಾನಣ್ಣನಿಗೆ ಹೊಳೆಯಿತು. ಆದರೆ ಹುಡುಕಲು ಕೈ ಹಾಕಬೇಕು. ಅದಕ್ಕೆ ಮೊದಲು ಆ ಡಬ್ಬಿಗಳನ್ನು ಬರಿದು ಮಾಡಬೇಕು. ಪ್ಲಗ್ ಕಿತ್ತು, ಮೂರು ಸಲ ಕಿತ್ತಿದ್ದು ಹೌದೇ ಎಂದು ನೋಡಿದ. ಕರೆಂಟನ್ನು ಮೆಲ್ಲಗೆ ಇಳಿಸುವ ರೆಸಿಸ್ಟರ್ ಕಟ್ಟಿದ ವಯರನ್ನು ಮುಂದಕ್ಕೆ ಚಾಚಿದ. ಕೈ ಎಷ್ಟು ನಡುಗಿತೆಂದರೆ, ಪೆಟ್ಟಿಗೆಯ ಅಂಚಿನಲ್ಲಿಟ್ಟಿದ್ದ ಸ್ಕ್ರೂಡ್ರೈವರ್ ತಗುಲಿ ಜಾರಿ ನೇರ ಡಬ್ಬಿಯ ತುದಿಗಳ ಮೇಲೆ ಬಿತ್ತು.

ಢಂ!

ನೀಲಿ ಕಿಡಿ ಹಾರಿತು. ಕಣ್ಣು ಬಿಟ್ಟಾಗ ಫ್ಯಾನಣ್ಣ ಸ್ಟೂಲಿನ ಕೆಳಗಿದ್ದ. ಟೈಲರಾಗಲಿ ತಾತನಾಗಲಿ ಅಂಗಡಿಯಲ್ಲಿರಲಿಲ್ಲ. “ಸುಟ್ಟುಬಿಟ್ಟ! ಮಾವನ ಪೆಟ್ಟಿಗೆ ಸುಟ್ಟುಬಿಟ್ಟ!” ಎಂಬ ತಾತನ ಕೂಗು ಮಾತ್ರ ಬೀದಿಯುದ್ದಕ್ಕೂ ದೂರವಾಗುತ್ತಿತ್ತು.

ಫ್ಯಾನಣ್ಣ ಎದ್ದು ಡಬ್ಬಿಗೆ ಮೀಟರ್ ಹಿಡಿದ. ಸೊನ್ನೆ; ಆ ಕಿಡಿಯೇ ಡಬ್ಬಿಯನ್ನು ಬರಿದು ಮಾಡಿತ್ತು. ಒಂದೊಂದೇ ವಯರನ್ನು ಕಡ್ಡಿಯಿಂದ ಸರಿಸಿದ. ಟ್ರಾನ್ಸ್‌ಫಾರ್ಮರಿನ ಹಿಂದೆ ಒಂದರ ರಬ್ಬರು ಹಳೇ ಬಿಸ್ಕತ್ತಿನಂತೆ ಉದುರಿ, ತಾಮ್ರ ಬೆತ್ತಲೆ ನಿಂತಿತ್ತು. ಹೊಸ ವಯರು ಬೆಸೆದ. ಪೆಟ್ಟಿಗೆ ಎತ್ತಿ ನಿಲ್ಲಿಸಿ ಸ್ವಿಚ್ ಹಾಕಿದ. ಬಲ್ಬು ಮಂಕಾಗಿಯೇ ಇತ್ತು! ಬಲ್ಬು ತೆಗೆದು ನೇರ ಪ್ಲಗ್ಗಿಗೆ ಹಾಕಿದ. ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಫ್ಯಾನಣ್ಣನಿಗೆ ತಾನು ಗಂಡಸೆನಿಸಿತು.

ನಾಲ್ಕಕ್ಕೆ ಮಾವ ಬಂದರು. ಉರಿಯುತ್ತಿದ್ದ ವಾಲ್ವು ನೋಡಿ ಅವರ ಮುಖ ಬಿಳಿಚಿಕೊಂಡಿತು.

“ಸರಿಮಾಡಿಬಿಟ್ರಾ?”

“ಹೂಂ ಮಾವ!”

ಮಾವ ಕುಸಿದು ಕೂತರು. “ಅಯ್ಯೋ, ಕೆಡಿಸಿದ್ರಲ್ಲ! ಬೆರಳು ನನ್ನ ಮಾತು ಕೇಳದೆ ಎರಡು ವರ್ಷ ಆಯ್ತು. ಜಂಬ ಕೊಚ್ಚಿಕೊಂಡು ಬಾರಿಸ್ತೀನಿ ಅಂತ ಒಪ್ಪಿಕೊಂಡಿದ್ದೆ. ಫ್ಯೂಸ್ ಹೋದಾಗ ಬದುಕಿದೆ ಅಂದುಕೊಂಡೆ. ಇದನ್ನ ಖಂಡಿತ ರಿಪೇರಿ ಮಾಡಲಾರದವರು ಯಾರು ಅಂತ ಯೋಚಿಸಿದೆ. ನಿಮ್ಮ ಮುಖವೇ ಕಣ್ಣಮುಂದೆ ಬಂತು.”

ಅವರ ಕೈ ಫ್ಯಾನಣ್ಣನ ಕೈಗಿಂತ ಜೋರಾಗಿ ನಡುಗುತ್ತಿತ್ತು. ಅವನಿಗೆ ಏನನ್ನಿಸಿತೋ, ಎದ್ದು ಪ್ಲಗ್ ಕಿತ್ತ.

ಅಷ್ಟರಲ್ಲಿ ಲೈನ್‌ಮನ್ ತಾತನನ್ನು ಹಿಂದಿಟ್ಟುಕೊಂಡು ಹೆಂಡತಿ ಬಾಗಿಲಲ್ಲಿ ನಿಂತಳು. “ಏನ್ರೀ, ಅಪ್ಪನ ಆಂಪ್ಲಿಫೈಯರ್ ಸುಟ್ಟಿರಂತೆ?”

ಫ್ಯಾನಣ್ಣ ಮಾವನ ಮುಖ ನೋಡಿದ. ಮಾವ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಂಡರು. “ನಲವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆನಮ್ಮಾ, ಒಂದೇ ದಿನದಲ್ಲಿ ಬೂದಿ ಮಾಡಿದರು!” ಎಂದು ಬೀದಿಗೆಲ್ಲ ಕೇಳುವಂತೆ ಗೋಳಾಡಿದರು. ವೇದಿಕೆಯ ಮೇಲೂ ಅಷ್ಟು ಚೆನ್ನಾಗಿ ಅವರೆಂದೂ ಮೆರೆದಿರಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು:

“ಮನೆಗೆ ಬನ್ನಿ.”