ನಲವತ್ತು ಚೀಲ ಮೆಣಸಿನಕಾಯಿ, ಎರಡು ಹೊಳ್ಳೆ

ನಲವತ್ತು ಚೀಲ ಒಣಮೆಣಸಿನಕಾಯಿ. ಚೀಲಕ್ಕೆ ನಿಜಾಮರ ನಾಲ್ಕು ಹಾಲಿ ರೂಪಾಯಿ ಬಂದರೆ ಹಾಕಿದ ಹಣ ಕೈಗೆ. ಐದು ಬಂದರೆ ಲಾಭ. ಅದಕ್ಕೂ ಮೊದಲು ಮಳೆ ಬಂದರೆ ಎಲ್ಲ ಬೂಸಲು ಹಿಡಿದು ಹಾಳು. ಉದಗೀರ ಪೇಟೆಯಲ್ಲಿ ಆ ವರ್ಷ ನಾನು ಹೂಡಿದ್ದು ಇಷ್ಟು. ಆದರೆ ಮೆಣಸಿನಕಾಯಿ ಮಾರುವವನ ಮನೆಯಲ್ಲಿ ಉಸಿರು ಸುಮ್ಮನೆ ಬಂದು ಹೋಗುವುದಿಲ್ಲ. ಏನಾದರೊಂದು ಫಜೀತಿ ಮಾಡಿಯೇ ಹೋಗುತ್ತದೆ.

ಹತ್ತಿಯ ಎಳೆ

ನಮ್ಮ ಮಠದ ಅಯ್ಯನವರು ಹೇಳಿದ್ದರು: ಬಲಹೊಳ್ಳೆಯಲ್ಲಿ ಉಸಿರಾಡುತ್ತಿದ್ದರೆ ಸೂರ್ಯ ನಡೆದಿದ್ದಾನೆ, ವ್ಯಾಪಾರ ಮಾಡು, ಎಡಹೊಳ್ಳೆಯಾದರೆ ಚಂದ್ರ, ಸುಮ್ಮನಿರು. ಖರ್ಚಿಲ್ಲದ ವಿದ್ಯೆ, ಇಟ್ಟುಕೊಂಡೆ. ಬೆಳಗಾದರೆ ಹೆಂಡತಿ ನನ್ನ ಮೂಗಿನ ಕೆಳಗೆ ಹತ್ತಿಯ ಎಳೆ ಹಿಡಿಯುತ್ತಿದ್ದಳು. ನಾನಿನ್ನೂ ಅರೆನಿದ್ದೆಯಲ್ಲಿ. ಎಳೆ ಸಣ್ಣ ಮೋಡದಂತೆ ತೇಲಿ ಹೋಗಿ ತಿರುಗಿ ಬರುತ್ತಿತ್ತು.

"ಎಡದ್ದು ನಡದದ ರೀ. ಇವತ್ತು ದುಕಾನ ತೆಗೀಬ್ಯಾಡ್ರಿ."

ಮರುದಿನವೂ ಎಡದ್ದು. ಅದರ ಮರುದಿನವೂ. ಮನೆಯಲ್ಲಿ ಸುಮ್ಮನೆ ಕೂತ ಗಂಡನ ಕೈಗೆ ಸುಣ್ಣದ ಗಡಿಗೆ ಕೊಟ್ಟಳು. ಮೂರು ದಿನದಲ್ಲಿ ಮೂರು ಗೋಡೆ ಬೆಳ್ಳಗಾದವು. ನಾಲ್ಕನೆಯ ದಿನ ಸುಣ್ಣ ತೀರಿತು, ಸೂರ್ಯ ನಡೆದ.

ಡಾಕ್ಟರ ನಳಿಗೆ

ಸಂಜೆಯಾದರೆ ನನ್ನ ಎದೆ ಸೀಟಿ ಊದುತ್ತಿತ್ತು. ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರು ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ನಾನು ಹೊಳ್ಳೆಗಳ ವಿಚಾರ ಕೇಳಿದೆ.

"ಅವು ಪಾಳಿ ಮ್ಯಾಲ ದುಡೀತಾವ ಸಾವಕಾರ್ರ. ಒಂದು ದುಡಿಯೂ ಮುಂದ ಇನ್ನೊಂದು ದಣಿವಾರಿಸ್ಕೋತದ. ಕೆಲವು ತಾಸಿಗೊಮ್ಮೆ ಬದಲಿ. ಮಗ್ಗಲಾಗಿ ಮಲಗಿದ್ರ ಮ್ಯಾಲಿನ ಹೊಳ್ಳಿ ತೆರೀತದ."

ಎದೆಯೊಳಗೆ ಉಸಿರಿನ ದಾರಿ ತಲೆಕೆಳಗಾದ ಗಿಡದಂತೆ ಟೊಂಗೆ ಒಡೆಯುತ್ತದೆ, ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿವೆ ಎಂದರು. ಕಣ್ಣು ಮುಚ್ಚಿದೆ. ನನ್ನೊಳಗೊಂದು ಬೇವಿನ ಗಿಡ ತೂಗುತ್ತಿತ್ತು. ಎಲೆಯ ಮೇಲೆಲ್ಲ ಕೆಂಪು ಧೂಳು.

"ಎಡಗಡೆ ಪುಪ್ಪುಸ ಸಣ್ಣದು. ಹೃದಯಕ್ಕ ಜಾಗಾ ಬಿಟ್ಟದ."

"ಬಾಡಿಗಿ ಕೊಡ್ತದೇನ್ರಿ?"

ಅವರು ನಗಲಿಲ್ಲ. "ಈ ಖಾರದ ಧಂದಾ ಬದಲ್ ಮಾಡ್ರಿ."

"ನೀವು ಔಷಧ ಬದಲ್ ಮಾಡ್ರಿ. ಅದು ಸೋವಿ."

ಹಾಡುವ ಹಮಾಲ

ನನ್ನ ಹಮಾಲ ಮುರುಮ ಊರ ಕಡೆಯವನು, ಕುರಿ ಕಾಯ್ದು ಬೆಳೆದವನು, ಬೀರಪ್ಪ ದೇವರ ಒಕ್ಕಲು. ಉಳಿದವರು ಮೂಗಿಗೆ ಬಟ್ಟೆ ಕಟ್ಟಿಯೂ ಗೋದಾಮಿನಿಂದ ಕೆಮ್ಮುತ್ತ ಬರುತ್ತಿದ್ದರು. ಅಂವಾ ಬಾಗಿಲ ಹೊರಗೆ ಎದೆ ತುಂಬ ಉಸಿರೆಳೆದು, ಬೀರಪ್ಪನ ಹಾಡಿನ ಒಂದು ಉದ್ದನ್ನ ನುಡಿ ಎತ್ತಿ ಒಳಗೆ ಹೋಗುತ್ತಿದ್ದ; ನುಡಿ ಮುಗಿಯುವಷ್ಟರಲ್ಲಿ ಚೀಲ ಹೊತ್ತು ಹೊರಗಿರುತ್ತಿದ್ದ.

"ಹಾಡೂ ಮುಂದ ಉಸಿರು ಹೊರಗ ಬರ್ತದ್ರೀ. ಖಾರಕ್ಕ ಒಳಗ ಹೋಗ್ಲಿಕ್ಕ ದಾರಿ ಸಿಗೂದಿಲ್ಲ."

ನಾನೂ ಮಾಡಿ ನೋಡಿದೆ. ಹಾಡು ಬಾರದ್ದರಿಂದ ಬೆಲ್ಲ, ಜೋಳ, ತೊಗರಿಯ ದರ ರಾಗವಾಗಿ ಹೇಳುತ್ತ ಒಳಹೊಕ್ಕೆ. ಅಷ್ಟರಲ್ಲಿ ಹೊರಗೆ ಯಾರೋ, "ತೊಗರಿ ಹ್ಯಾಂಗ್ರೀ?" ಎಂದರು. "ನಿಮಗ ಎಷ್ಟ್ ಬೇಕು?" ಎನ್ನಲು ಉಸಿರೆಳೆದೆ. ಸಂಜೆತನಕ ಕೆಮ್ಮಿದೆ.

ಹಮಾಲ ಬೆನ್ನು ಚಪ್ಪರಿಸುತ್ತ, "ಹಾಡಿನ ನಡುವ ಗಿರಾಕಿ ಹಿಡೀಬಾರದ್ರೀ," ಅಂದ.

ಇಬ್ಬರು ಮಲಗಿದ ಮಧ್ಯಾಹ್ನ

ಕಡೆಗೆ ಬೀದರಿನ ವ್ಯಾಪಾರಿಯೊಬ್ಬರು ಮೇಲೆ ಚಾಪೆ ಹೊದಿಸಿದ ಕಮಾನು ಬಂಡಿಗಳೊಂದಿಗೆ ಬಂದರು. ಮಾಲು ನೋಡಿ ಗಾದಿಯ ಮೇಲೆ ಕೂತು, ಮೂಗಿನ ಕೆಳಗೆ ಬೆರಳಿಟ್ಟುಕೊಂಡರು.

"ತಡೀರಿ ಸಾವಕಾರ್ರ. ನನ್ನ ಸೂರ್ಯ ಇನ್ನೂ ನಡದಿಲ್ಲ."

ಇವರೂ ಅದೇ ವಿದ್ಯೆಯವರು! ಬಲಹೊಳ್ಳೆ ತೆರೆಯಲೆಂದು ಎಡಮಗ್ಗಲಾಗಿ ಒರಗಿದರು. ನನ್ನದೂ ನಡೆದಿರಲಿಲ್ಲ. ಗಿರಾಕಿಗೆ ಬೆನ್ನು ಮಾಡಬಾರದೆಂದು ಅವರ ಕಡೆ ಮುಖ ಮಾಡಿ ನಾನೂ ಮಲಗಿದೆ. ಬಾಗಿಲಿನಿಂದ ಖಾರದ ಧೂಳಿಗೆ ಕೆಂಪಾದ ಬೆಳಕು ಬರುತ್ತಿತ್ತು. ಅವರ ಉಸಿರು ಬಂದಾಗ ನನ್ನದು ಹೋಗುತ್ತಿತ್ತು. ಬೇವಿನ ಗಿಡ ತೂಗಿತು. ಎಲ್ಲೋ ಬೀರಪ್ಪನ ಹಾಡು ಹತ್ತಿರ ಬಂದು, ದೂರ ಹೋಗಿ, ಮತ್ತೆ ಬರುತ್ತಿತ್ತು.

ಎದ್ದಾಗ ಹನಿ ಬೀಳುತ್ತಿತ್ತು. ಗೋದಾಮು ಖಾಲಿ. ನಲವತ್ತೂ ಚೀಲ ಅವರ ಬಂಡಿಯಲ್ಲಿ!

"ಯಾರು ಹೇಳಿದ್ರೋ ನಿನಗ?"

"ಮೋಡ ಹೇಳಿತ್ರೀ," ಅಂದ ಹಮಾಲ. "ಗೋದಾಮು ಸೋರ್ತದ, ಬಂಡಿಗಿ ಕಮಾನು ಅದ. ನೀವಿಬ್ರೂ ಸೂರ್ಯನ ಹಾದಿ ಕಾಯ್ಲಿಕ್ಕತ್ತಿದ್ರಿ."

ದರವೇ ಆಗಿರಲಿಲ್ಲ. ನಮ್ಮ ಪೇಟೆಯಲ್ಲಿ ಸಗಟು ಮಾಲಿನ ದರ ಬಾಯಲ್ಲಿ ಕುದುರಿಸುವುದಿಲ್ಲ. ರುಮಾಲಿನ ಕೆಳಗೆ ಎದುರಿನವರ ಬೆರಳು ಹಿಡಿದು ತಿಳಿಸುತ್ತಾರೆ, ಬೆರಳಿಗೊಂದು ರೂಪಾಯಿ. ಕೊನೆಗೆ ಎಷ್ಟು ಹಿಡಿದರೋ ಅದೇ ಮಾತು. ಅವರು ನನ್ನ ನಾಲ್ಕು ಬೆರಳು ಹಿಡಿದರು. ಹಾಕಿದ ಹಣವಷ್ಟೇ ಕೈಗೆ. ಆಗಲೇ ಬಂಡಿಯ ಕಡೆಯಿಂದ ಗಾಳಿ ಬೀಸಿತು. ಅವರು ಮೈಯೆಲ್ಲ ಒಂದಾಗಿ ಸೀನಿದರು. ಕೈ ಬಿಗಿದು ನನ್ನ ಐದೂ ಬೆರಳು ಅವರ ಮುಷ್ಟಿಯೊಳಗೆ.

"ಐದು. ಪಕ್ಕಾ," ಅಂದೆ.

"ಅದು ಸೀನ್ರೀ!"

"ಕಟ್ಟಿದ ಚೀಲದಾಗಿಂದ ಇಂಥಾ ಸೀನು ತರೋ ಕಾಯಿಗೆ ನಾಕು ಕೊಡ್ತೀರೇನು?"

ಉತ್ತರಕ್ಕೆ ಬಾಯಿ ತೆರೆದವರು ಮತ್ತೆ ಸೀನಿದರು. ಕಣ್ಣೊರೆಸುತ್ತ, "ಆತು, ಐದು! ಲಗೂನ ರುಮಾಲ ತೆಗೀರಿ," ಎಂದರು. "ಇನ್ನೊಂದು ಬಂದ್ರ ಎರಡೂ ಕೈ ಹಿಡೀತೀನಿ!"

ಮನೆಗೆ ಬಂದು ಹೆಂಡತಿಗೆ ಸೂರ್ಯನ ಮಹಿಮೆ ಹೇಳಿದೆ. ಆಕಿ ಹತ್ತಿಯ ಎಳೆ ಹಿಡಿದಳು.

"ಎಡದ್ದು ನಡದದಲ್ಲ ರೀ! ಯಾವ ಮಗ್ಗಲಿಗೆ ಮಲಗಿದ್ರಿ?"

ಬಲಮಗ್ಗಲು. ಗಿರಾಕಿಯ ಕಡೆ ಮುಖ ಮಾಡಿದ್ದೆನಲ್ಲ, ಮೇಲೆ ಬಂದದ್ದು ಎಡಹೊಳ್ಳೆ.

ಬಂದದ್ದು ಒಟ್ಟು: ನಲವತ್ತು ರೂಪಾಯಿ ಲಾಭ, ಸೀಟಿಯಿಲ್ಲದ ಒಂದು ನಿದ್ದೆ, ಮರುದಿನ ನಾಲ್ಕನೆಯ ಗೋಡೆಗೂ ಸುಣ್ಣ.