ಅತ್ತೆಯ ಗಂಟಲಿಗೊಂದು ಕೊಳವೆ

ಆಪರೇಷನ್ ಆಗಬೇಕಿದ್ದದ್ದು ಅತ್ತೆಯ ಕೈಗೆ, ರಗಳೆ ಶುರುವಾಗಿದ್ದು ಅವರ ಗಂಟಲಿನಿಂದ. ಹಿಂದೊಮ್ಮೆ ಮೂಳೆ ಮುರಿದಾಗ ಕೂರಿಸಿದ್ದ ಲೋಹದ ಪಟ್ಟಿಯನ್ನು ತೆಗೆಯಬೇಕಿತ್ತು, ಅಷ್ಟೇ. ಆದರೆ ಅತ್ತೆ ಸಂಗೀತದ ಟೀಚರು, ಅಳಿಯ ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಪ್ರಜ್ಞೆ ತಪ್ಪಿಸಿ ಮಲಗಿಸಿದ ಮೇಲೆ ಉಸಿರಾಟಕ್ಕೆ ಗಂಟಲಲ್ಲಿ ಯಾವ ಕೊಳವೆ ಇಡಬೇಕೆಂದು ಆರಿಸುವುದು ಅವನದೇ ಕೆಲಸ.

"ರೀ, ಅಮ್ಮನ ದನಿಗೇನಾದ್ರೂ ಆದ್ರೆ, ಅದು ಸರಿಹೋಗೋವರೆಗೂ ಅವರನ್ನ ಊರಿಗೆ ಕಳಿಸಲ್ಲ. ನಮ್ಮನೇಲೇ ಇಟ್ಕೋತೀನಿ," ಎಂದು ಹೆಂಡತಿ ಬೆಳಿಗ್ಗೆಯೇ ಸಾರಿಬಿಟ್ಟಳು.

ಅತ್ತೆ ಬಂದಾಗಿನಿಂದ ಡಾಕ್ಟರು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಕೋಳಿ ಕೂಗುವ ಮೊದಲೇ ಅವರ ಸರಿಗಮ ಏಳುತ್ತಿತ್ತು. ಸಾಲದ್ದಕ್ಕೆ, "ಅಳಿಯಂದ್ರೆ, ನಿಮ್ಮ ಗೊರಕೆ ಶ್ರುತಿ ತಪ್ತಾ ಇದೆ," ಎಂದು ಬಾಗಿಲು ಬಡಿದು ಹೇಳುತ್ತಿದ್ದರು. ನಾಳಿದ್ದು ಅವರು ಹೊರಡಲು ಟಿಕೆಟ್ ಆಗಿತ್ತು. ಅದೊಂದೇ ಆಸೆಯಲ್ಲಿ ಅವನು ಜೀವ ಹಿಡಿದುಕೊಂಡಿದ್ದ.

ಶ್ವಾಸನಾಳದೊಳಗೆ ಇಳಿಸುವ ಉದ್ದನೆಯ ಕೊಳವೆ ದನಿಯ ತಂತುಗಳ ನಡುವೆಯೇ ಹಾದುಹೋಗುತ್ತದೆ. ಗಂಟಲು ಕೆರೆದರೆ ಕಥೆ ಮುಗಿಯಿತು. ಅದರ ಬದಲು ತಂತುಗಳ ಮೇಲ್ಗಡೆ ಬಟ್ಟಲಿನ ಹಾಗೆ ಕೂರುವ ಮಾಸ್ಕ್ ಕೊಳವೆಯೇ ವಾಸಿ ಎಂದು ಅವನು ತೀರ್ಮಾನಿಸಿದ.

ವಾರ್ಡಿನಲ್ಲಿ ಅತ್ತೆಯ ಅಣ್ಣ ಕಾದಿದ್ದರು. ಅವರಿಗೆ ಕಿವಿ ಮಂದ.

"ಮಕ್ಕಳಿಗೆ ಹಾಕೋ ಚಿಕ್ಕದನ್ನೇ ಹಾಕಿ ಅಳಿಯಂದ್ರೆ. ನಾಜೂಕು ಗಂಟಲು!"

"ಚಿಕ್ಕದಾದ್ರೆ ಗಾಳಿ ಸೋರತ್ತೆ ಮಾವಾ!"

"ಆಂ?"

"ಸೋರತ್ತೆ! ಗಾಳಿ! ಕಾಲಿಗೆ ತಕ್ಕ ಚಪ್ಪಲಿ ಇದ್ದ ಹಾಗೆ!"

"ಚಪ್ಪಲಿ ಹೊರಗೇ ಬಿಟ್ಟಿದ್ದೀನಪ್ಪಾ!"

ಅವರಿಗೆ ತಿಳಿಹೇಳುವಷ್ಟರಲ್ಲಿ ಪಕ್ಕದ ವಾರ್ಡಿನವರೆಲ್ಲ ಅರ್ಧ ಡಾಕ್ಟರಾಗಿದ್ದರು.

ಮಾಸ್ಕಿಗೆಂದು ಆಸ್ಪತ್ರೆಯ ಸ್ಟೋರ್‌ರೂಮಿಗೆ ಫೋನ್ ಮಾಡಿದರೆ, ಅಲ್ಲಿ ಹಿಂದೆ ಜನರೇಟರು ಗುಡುಗುತ್ತಿತ್ತು. "ನಾಲ್ಕನೇ ಸೈಜು ಖಾಲಿ ಸಾರ್, ಐದು ಕಳಿಸ್ಲಾ? ದೊಡ್ಡದಿದ್ರೆ ಒಳ್ಳೇದಲ್ವಾ?" ಎಂದ ಸ್ಟೋರಿನವನು.

"ಅದೇನು ಸ್ವೆಟರಾ, ಬೆಳೀತಾರೆ ಅಂತ ದೊಡ್ಡದು ತಗೊಳ್ಳೋಕೆ? ನಾಲ್ಕೇ ಬೇಕು! ಹುಡುಕು!" ಎಂದು ಡಾಕ್ಟರು ಅರಚಿದ. ಕೊನೆಗೆ ಅದು ಸ್ಟೋರಿನವನ ಮೂಗಿನ ಕೆಳಗೇ, ಮೇಜಿನ ಮೇಲೇ ಸಿಕ್ಕಿತು.

ಆಪರೇಷನ್ ಕೋಣೆಯಲ್ಲಿ ಮೂಳೆ ಡಾಕ್ಟರು ಡ್ರಿಲ್ ತಿರುಗಿಸಿ ನೋಡುತ್ತಿದ್ದರು. "ಉದ್ದನೆ ಕೊಳವೇನೇ ಹಾಕಿಬಿಡ್ರೀ, ತಲೆನೋವಿಲ್ಲ!" ಎಂದು ಅದರ ಸದ್ದಿನ ಮೇಲೆ ಕೂಗಿದರು.

"ಹೊಟ್ಟೆ ಖಾಲಿ ಇದೆ, ವಾಂತಿ ಶ್ವಾಸಕ್ಕೆ ಹೋಗೋ ಭಯ ಇಲ್ಲ! ಚಿಕ್ಕ ಕೆಲಸ! ಮಾಸ್ಕ್ ಸಾಕು! ಮೊದಲು ಆ ಡ್ರಿಲ್ ನಿಲ್ಲಿಸ್ರೀ!"

ಡ್ರಿಲ್ ನಿಂತಿತು. ಆಮೇಲೆ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಬೆಣ್ಣೆಯೊಳಗಿನ ಕೂದಲೆಳೆಯ ಹಾಗೆ ಕೊಳವೆಯನ್ನು ಹೊರತೆಗೆದು ಡಾಕ್ಟರು ನಿಟ್ಟುಸಿರುಬಿಟ್ಟ.

ಸಂಜೆ ಮಂಚದ ಸುತ್ತ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಅತ್ತೆ ಕಣ್ಣುಮುಚ್ಚಿ "ಸಾ..." ಎಂದರು. ಗಂಟೆ ಬಾರಿಸಿದಂಥ ದನಿ! ಕಿವಿ ಮಂದದ ಅಣ್ಣ ಕೂಡ ತಲೆದೂಗಿದರು.

ಗೆದ್ದೆ! ನಾಳಿದ್ದು ಟಿಕೆಟ್! ಡಾಕ್ಟರು ಹಿಗ್ಗಿ ಹೀರೇಕಾಯಿಯಾಗಿ, "ಹಾಗಾದ್ರೆ ಅತ್ತೆ, ಸಾಮಾನು ಕಟ್ಟೋಣ್ವಾ?" ಎನ್ನಲು ಬಾಯಿ ತೆರೆದ.

"ಗರ್‌ರ್..." ಎಂದಷ್ಟೇ ಬಂತು.

ಇನ್ನೊಮ್ಮೆ ಪ್ರಯತ್ನಿಸಿದ. ಅದೂ ಬರಲಿಲ್ಲ. ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಬಾಗಿಲು ಹಾಕಿಕೊಂಡಿತ್ತು.

"ಅಯ್ಯೋ ರೀ, ನಿಮ್ಮ ದನಿ ಎಲ್ಲಿ ಹೋಯ್ತು?" ಎಂದಳು ಹೆಂಡತಿ.

ಅತ್ತೆ ದಡಕ್ಕನೆ ಎದ್ದು ಕೂತರು. "ನನ್ನ ದನಿ ಉಳಿಸೋಕೆ ಹೋಗಿ ತಮ್ಮದನ್ನ ಕಳ್ಕೊಂಡ್ರಲ್ಲೇ, ಪಾಪ! ಇವರನ್ನ ಹೀಗೆ ಬಿಟ್ಟು ಹೋಗೋಕೆ ನನ್ನದೇನು ಕಲ್ಲು ಮನಸ್ಸಾ? ಆ ಟಿಕೆಟ್ ಕ್ಯಾನ್ಸಲ್ ಮಾಡು. ಇವರ ದನಿ ಸರಿಹೋಗೋವರೆಗೂ ನಾನಿಲ್ಲೇ ಇದ್ದು, ದಿನಾ ನಸುಕಲ್ಲಿ ಎಬ್ಬಿಸಿ ಸರಿಗಮ ಹೇಳಿಸ್ತೀನಿ."

"ಬೇಡ!" ಎಂದು ಡಾಕ್ಟರು ಜೀವವೆಲ್ಲ ಒಟ್ಟುಮಾಡಿ ಕಿರುಚಿದ. ತುಟಿ ಅಲ್ಲಾಡಿತು, ಸದ್ದು ಹೊರಡಲಿಲ್ಲ.

ಅತ್ತೆಯ ಕಣ್ಣು ತುಂಬಿ ಬಂತು. "ನೋಡೇ, ಬಾಯಿಮಾತಿಗಾದ್ರೂ ಬೇಡ ಅನ್ನಲಿಲ್ಲ. ಇಂಥ ಅಳಿಯ ಯಾರಿಗುಂಟು!"