ಜಯದೇವಪ್ಪನವರ ತೂಕದ ಡಿಸ್ಕು

ಚನ್ನಗಿರಿಯ ಜಯದೇವಪ್ಪನವರ ಅಡಿಕೆ ಮಂಡಿಯ ಕಂಪ್ಯೂಟರು ಆನ್ ಆಗುವುದೂ ಒಂದೇ, ಅಲ್ಲಿನ ಗುಮಾಸ್ತ ಗುರುಬಸವರಾಜನ ಮದುವೆ ಆಗುವುದೂ ಒಂದೇ. ಎರಡೂ ಈಗ ಆಗುತ್ತದೆ, ಆಗ ಆಗುತ್ತದೆ ಎನ್ನುತ್ತಲೇ ವರ್ಷಗಳು ಉರುಳಿದ್ದವು. ಇವತ್ತು ಸಂಜೆ ಹೊನ್ನಾಳಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಹಿಂದೆ ಎರಡು ಸಲ ಮಂಡಿಯ ಬಿಲ್ಲು ಮುಗಿಯದೆ ಹೋಗಲಾಗಿರಲಿಲ್ಲ. "ಈ ಸಲಾನೂ ಬರ್ಲಿಲ್ಲ ಅಂದ್ರೆ ಬೇರೆ ಗಂಡು ನೋಡ್ತೀವ್ರಿ" ಎಂದು ಹುಡುಗಿ ಸಂಧ್ಯಾರಾಣಿಯ ಅಪ್ಪ ಖಡಕ್ಕಾಗಿ ಹೇಳಿಬಿಟ್ಟಿದ್ದರು.

"ಬಿಲ್ಲು ಮುಗ್ಸಿ ಎಲ್ಲಿಗಾದ್ರೂ ಹೋಗೋ, ನಾನೇನು ಬ್ಯಾಡ ಅಂತೀನಾ?" ಎಂದರು ಜಯದೇವಪ್ಪ. ಎಂಥ ದೊಡ್ಡ ಮನಸ್ಸು!

ಗುರುಬಸವರಾಜ ಕಂಪ್ಯೂಟರ್ ರಿಪೇರಿಯ ಶರಣುವಿನ ಅಂಗಡಿಗೆ ಓಡಿದ. ಶರಣು ಅಂಗೈಯಗಲದ ಹೊಸ ಡಿಸ್ಕೊಂದನ್ನು ತೆಗೆದುಕೊಟ್ಟ.

"ಇದಕ್ಕಿಂತ ಜೋರಾಗಿ ಓಡೋದೂ ಐತೆ ಅಣ್ಣಾ, ಆದ್ರೆ ನಿಮ್ಮ ಹಳೇ ಡಬ್ಬದಾಗೆ ಅದು ಕೂರಾಕೆ ಜಾಗ ಇಲ್ಲ. ಈ ಎಸ್ಎಸ್‌ಡಿ ಹಾಕ್ರಿ. ಹಳೇ ಹಾರ್ಡ್‌ಡಿಸ್ಕಿನಂಗೆ ಒಳಗೆ ತಿರುಗೋ ತಟ್ಟೆ ಇಲ್ಲ. ಕಣ್ಣು ಮಿಟುಕಿಸೋದ್ರಾಗೆ ಕೆಲಸ!"

ಅದನ್ನು ಮಂಡಿಗೆ ತಂದು ತೋರಿಸಿದರೆ, ಸಾಹುಕಾರರು ಅಂಗೈಯಲ್ಲಿಟ್ಟು ಅಡಿಕೆಯಂತೆ ಎಗರಿಸಿ ನೋಡಿದರು.

"ಥೂ! ಪೊಳ್ಳಡಿಕೆ ಇದ್ದಂಗೈತಲ್ಲೋ! ಹಳೇದು ಹಿಡಿದು ನೋಡು, ಕೈ ಹೆಂಗೆ ಜಗ್ತೈತೆ."

ಪಕ್ಕದ ಮಂಡಿಯ ಮಾಲತೇಶ್ ಕರೆಯದೇ ಬಂದು ತಾನೂ ತೂಗಿ ನೋಡಿದ. "ಒಳಗೆ ತಿರುಳೇ ಇಲ್ರೀ," ಎಂದು ತೀರ್ಪು ಕೊಟ್ಟ. ಈ ಮಹಾಶಯ ಕಂಪ್ಯೂಟರಿನಲ್ಲಿ ಈವರೆಗೆ ಒತ್ತಿದ್ದು ಸ್ವಿಚ್ಚು ಮಾತ್ರ.

"ವಾಪಸ್ ಕೊಟ್ಟು ತೂಕದ್ದು ತಗೊಂಡ್ ಬಾ!" ಎಂದು ಅಪ್ಪಣೆಯಾಯಿತು.

ವಾದಕ್ಕೆ ನಿಂತರೆ ಹೊನ್ನಾಳಿ ಬಸ್ಸು ತಪ್ಪುತ್ತದೆ. ಗುರುಬಸವರಾಜ ಅಳುಮುಖ ಹೊತ್ತು ಹಳೆಯ ಡಿಸ್ಕಿನ ಸಮೇತ ಮತ್ತೆ ಶರಣುವಿನ ಬಳಿಗೆ ಹೋದ. ಇಬ್ಬರೂ ತಲೆ ಓಡಿಸಿದರು. ಮಂಡಿಯ ಲೆಕ್ಕವನ್ನೆಲ್ಲ ಹೊಸದಕ್ಕೆ ಇಳಿಸಿಕೊಂಡರು. ಹಳೆಯ ಡಿಸ್ಕಿನ ಹೊಟ್ಟೆ ಬಗೆದು, ಹೊಸದನ್ನು ಅದರೊಳಗೆ ಕೂರಿಸಿ, ಸಂದಿಗೆ ಟೇಪು ಸುತ್ತಿದ ಕಬ್ಬಿಣದ ಚೂರು ತುಂಬಿದರು. ಮೇಲೊಂದು ಮಿರಮಿರ ಮಿಂಚುವ ಸ್ಟಿಕ್ಕರು.

"ಹಾಂ! ಇದಪ್ಪಾ ಮಾಲು!" ಕೈಯಲ್ಲಿ ತೂಗಿ ನೋಡಿದ ಸಾಹುಕಾರರ ಮುಖ ಅರಳಿತು.

ಕಂಪ್ಯೂಟರು ಚಕ್ಕನೆ ಎದ್ದು ಕೂತಿತು. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಬಿಲ್ಲು ಮುಗಿದೇ ಹೋಯಿತು. ಗುರುಬಸವರಾಜ ಶಿಳ್ಳೆ ಹಾಕುತ್ತ ಕಟಿಂಗ್ ಶಾಪಿಗೆ ಹೊರಟಾಗ ಸಾಹುಕಾರರು ಭಾವಮೈದ ಸಿದ್ದಲಿಂಗೇಶನಿಗೆ ಫೋನಿನಲ್ಲಿ ಪಾಠ ಹೇಳುತ್ತಿದ್ದರು: "ತೂಕ ಕಣಯ್ಯಾ, ಎಲ್ಲಾ ತೂಕದಾಗೆ ಐತೆ!"

ಸರದಿ ಕಾದು ನುಣ್ಣಗೆ ಗಡ್ಡ ಹೆರೆಸಿ, ಮನೆಗೆ ಹೋಗಿ ಮಿಂದು, ಪೌಡರು ಬಳಿದುಕೊಂಡು ಎರಡು ತಾಸಿನ ಮೇಲೆ ಬಂದು ನೋಡಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ತಿರುಗಿ ತಿರುಗಿ ಕೊನೆಗೆ ಅಕ್ಷರ ಮೂಡಿತು: 'ಸಿದ್ದಲಿಂಗೇಶ್ ಮೆಕ್ಕೆಜೋಳ ವ್ಯಾಪಾರ, ಜಗಳೂರು.'

"ಸಾಹುಕಾರ್ರೇ, ನಮ್ಮ ಡಿಸ್ಕು?"

"ಸಿದ್ದಲಿಂಗೇಶ ತನ್ನ ಕಂಪ್ಯೂಟರ್ ರಿಪೇರಿಗೆ ಅಂತ ದಾವಣಗೆರೆಗೆ ತಂದಿದ್ನಂತೆ, ಇಲ್ಲಿಗೇ ಕರೆಸ್ದೆ. ಅವ್ನ ಡಿಸ್ಕು ಎತ್ತಿ ನೋಡಿದ್ರೆ ನಮ್ಮದಕ್ಕಿಂತ ಭಾರ! 'ಹೊಸಾದು ನೀನಿಟ್ಕೋ, ಹಳೇದು ನಂಗಿರ್ಲಿ' ಅಂದು ಅದಲುಬದಲು ಮಾಡ್ಕೊಂಡೆ. ಮಾಲತೇಶನೇ ಬಿಚ್ಚಿ ಜೋಡಿಸ್ದ. ದಡ್ಡ ನನ್ಮಗ ಕುಣ್ಕೊಂತ ಹೋದ!"

"ಅಯ್ಯೋ! ನಮ್ಮ ಲೆಕ್ಕ ಎಲ್ಲಾ ಅದ್ರಾಗೈತಲ್ರೀ!"

"ಲೆಕ್ಕ ಇರೋದು ಈ ಟೀವಿಯೊಳಗಲ್ವೇನೋ?"

ಅಲ್ಲವೆಂದು ತಿಳಿದಾಗ ಸಾಹುಕಾರರು ಗಾಬರಿಯಿಂದ ಫೋನು ಹಚ್ಚಿದರು. ಭಾವಮೈದ ಫೋನೇ ಎತ್ತಲಿಲ್ಲ. ಹೊಸ ಡಿಸ್ಕು ವಾಪಸ್ ಕೇಳಿಯಾರು ಎಂಬ ಭಯ ಅವನಿಗೆ.

"ನಿಂತ್ಕೊಂಡು ಏನ್ ನೋಡ್ತೀಯ? ಜಗಳೂರಿಗೆ ಹೋಗಿ ಇಸ್ಕೊಂಡ್ ಬಾ!"

"ಹೊನ್ನಾಳಿ..."

"ಹೊನ್ನಾಳಿ ಎಲ್ಲಿಗೆ ಓಡಿ ಹೋಗ್ತೈತೋ?"

ಬಸ್ ಸ್ಟ್ಯಾಂಡಿನಲ್ಲಿ ಹೊನ್ನಾಳಿ ಬಸ್ಸೂ ದಾವಣಗೆರೆ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಗುರುಬಸವರಾಜ ಸಿದ್ದಲಿಂಗೇಶನ ಭಾರದ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಜಗಳೂರಿನ ದಾರಿಯ ದಾವಣಗೆರೆ ಬಸ್ಸಿನಲ್ಲಿ ಕುಳಿತ. ಫೋನು ಹೊಡೆದುಕೊಂಡಿತು. ಸಂಧ್ಯಾರಾಣಿಯ ಅಪ್ಪ.

"ಏನ್ರೀ, ಇವತ್ತಾದ್ರೂ ಹೊಂಟ್ರೋ ಇಲ್ವೋ?"

"ಹೊಂಟೀನ್ರೀ, ಬಸ್ಸಿನಾಗೇ ಕುಂತೀನಿ," ಎಂದ ಗುರುಬಸವರಾಜ. ಪಾಪ, ಅದರಲ್ಲಿ ಸುಳ್ಳೇನೂ ಇರಲಿಲ್ಲ.